ಒಬ್ಬರೇ ನಡೆಸುವ ವ್ಯವಹಾರಕ್ಕೆ ಇಮೇಲ್ ಮತ್ತು ಕ್ಯಾಲೆಂಡರ್ ಆರಿಸುವ ಬಗೆ

ಜಿಮೇಲ್ ಸಾಕೋ, ಜೋಹೋ ಬೇಕೋ, ಮೈಕ್ರೋಸಾಫ್ಟ್ ಮೇಲೋ ಎಂದು ತೂಗಿ ನೋಡುವುದಕ್ಕೆ ಮೊದಲು ನಿಮ್ಮದೇ ಡೊಮೇನ್ ಹೆಸರೊಂದನ್ನು, ಅಂದರೆ ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರನ್ನು, ಕೊಂಡುಕೊಳ್ಳಿ. ಮೊಬೈಲ್ ನಂಬರನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸುವಂತೆ, ಡೊಮೇನ್ ಸ್ವಂತದ್ದಾಗಿದ್ದರೆ ಇಮೇಲ್ ಸೇವೆಯನ್ನು ಯಾವಾಗ ಬೇಕಾದರೂ ಬದಲಿಸಬಹುದು; ಗಿರಾಕಿಗಳ ಬಳಿ ಇರುವ ವಿಳಾಸ ಹಾಗೆಯೇ ಉಳಿಯುತ್ತದೆ. ಇದರಲ್ಲಿ ನಾನೇ ಎಡವಿದ್ದೇನೆ. ನನ್ನ ಅನುವಾದದ ಕೆಲಸಕ್ಕೆ ವೆಬ್‌ಸೈಟ್ ಮಾಡಿಕೊಟ್ಟವರು ಡೊಮೇನನ್ನು ತಮ್ಮ ಖಾತೆಯಲ್ಲಿಯೇ ನೋಂದಾಯಿಸಿದ್ದರು. ನವೀಕರಣದ ದಿನ ಕಳೆದು ಇಮೇಲ್ ನಿಂತುಹೋದಾಗ, ಅವರ ಫೋನ್ ಸಿಗುವವರೆಗೆ ನಾಲ್ಕು ದಿನ ಬಂದ ಪತ್ರಗಳು ನನ್ನ ಕೈ ಸೇರಲಿಲ್ಲ. ಆದ್ದರಿಂದ ನೋಂದಣಿ ನಿಮ್ಮ ಹೆಸರಿನಲ್ಲಿರಲಿ, ಹಣ ನಿಮ್ಮ ಕಾರ್ಡಿನಿಂದಲೇ ಹೋಗಲಿ. ನೋಂದಣಿ ಖಾತೆಗೆ ಕೊಡುವ ಸಂಪರ್ಕ ವಿಳಾಸ ಮಾತ್ರ ಅದೇ ಡೊಮೇನಿನದ್ದಾಗಿರಬಾರದು, ಏಕೆಂದರೆ ಡೊಮೇನ್ ನಿಂತ ದಿನ ಎಚ್ಚರಿಕೆಯ ಪತ್ರವೂ ತಲುಪುವುದಿಲ್ಲ.

ಉಚಿತ ಜಿಮೇಲ್‌ನಲ್ಲಿ ಸಿಗುವ 15 ಜಿಬಿ ಜಾಗವನ್ನು ಡ್ರೈವ್ ಮತ್ತು ಫೋಟೋಗಳೂ ಹಂಚಿಕೊಳ್ಳುತ್ತವೆ. ಮಗುವಿನ ಹುಟ್ಟುಹಬ್ಬದ ವಿಡಿಯೋಗಳಿಂದ ಜಾಗ ತುಂಬಿ ಗಿರಾಕಿಯ ಪತ್ರ ಹಿಂದಿರುಗುವುದು ಒಪ್ಪತಕ್ಕ ವಿಷಯವಲ್ಲ. ಸ್ವಂತ ಡೊಮೇನಿನ ವಿಳಾಸಕ್ಕೆ ಗೂಗಲ್ ವರ್ಕ್‌ಸ್ಪೇಸ್ ಅಥವಾ ಮೈಕ್ರೋಸಾಫ್ಟ್ 365ಕ್ಕೆ ಹಣ ಕೊಡಬೇಕಾಗುತ್ತದೆ. ಚೆನ್ನೈ ಮೂಲದ ಜೋಹೋದ ಅಗ್ಗದ ಯೋಜನೆಗಳು ಒಬ್ಬರ ಕೆಲಸಕ್ಕೆ ಸಾಮಾನ್ಯವಾಗಿ ಸಾಲುತ್ತವೆ, ಆದರೆ ಅದರ ಉಚಿತ ಯೋಜನೆಯಲ್ಲಿ ಐಮ್ಯಾಪ್ (ಬೇರೆ ತಂತ್ರಾಂಶದಿಂದ ಪತ್ರಪೆಟ್ಟಿಗೆಯನ್ನು ತೆರೆಯುವ ವ್ಯವಸ್ಥೆ) ಇಲ್ಲದಿರುವುದರಿಂದ ಥಂಡರ್‌ಬರ್ಡ್‌ನಂಥ ತಂತ್ರಾಂಶದಲ್ಲಿ ಪತ್ರ ಓದಲಾಗುವುದಿಲ್ಲ. ವಕೀಲರಂತೆ ಗೋಪ್ಯ ಕಾಗದಪತ್ರಗಳನ್ನು ಇಟ್ಟುಕೊಳ್ಳುವವರು ಪತ್ರಗಳನ್ನು ಗೂಢಲಿಪಿಯಲ್ಲಿ ಇಡುವ ಸ್ವಿಟ್ಜರ್ಲೆಂಡಿನ ಪ್ರೋಟಾನ್ ಇಮೇಲ್ ಸೇವೆಯನ್ನು ಪರಿಶೀಲಿಸಬಹುದು. ಅಲ್ಲಿಯೂ ಹೊರಗಿನ ತಂತ್ರಾಂಶ ಬಳಸಲು ಹಣ ಕೊಟ್ಟ ಯೋಜನೆಯೂ ಬ್ರಿಡ್ಜ್ ಎಂಬ ಕಾರ್ಯಕ್ರಮವೂ ಬೇಕು. ಜಿಎಸ್‌ಟಿ ನೋಂದಣಿ ಇದ್ದರೆ ಖಾತೆ ತೆರೆಯುವಾಗಲೇ ನಿಮ್ಮ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸಿ.

ಸೇವೆ ಯಾವುದಾದರೂ, ಡೊಮೇನಿನ ಡಿಎನ್‌ಎಸ್ ಪುಟದಲ್ಲಿ (ಸಾಮಾನ್ಯವಾಗಿ ಡೊಮೇನ್ ಕೊಂಡ ಖಾತೆಯಲ್ಲಿಯೇ ಇರುವ ಸೆಟ್ಟಿಂಗ್ ಪುಟ) ನಾಲ್ಕು ದಾಖಲೆಗಳನ್ನು ಸೇರಿಸಬೇಕು: ಪತ್ರ ಎಲ್ಲಿಗೆ ಬರಬೇಕೆಂದು ತಿಳಿಸುವ ಎಂಎಕ್ಸ್, ಮತ್ತು ಕಳುಹಿಸಿದ್ದು ನೀವೇ ಎಂಬುದಕ್ಕೆ ಆಧಾರವಾಗುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. 2024ರ ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಕೊನೆಯ ಮೂರೂ ಕಡ್ಡಾಯ. ನೀವು ಕಳುಹಿಸುವುದು ಐದೇ ಇರಬಹುದು, ಆದರೆ ಈ ದಾಖಲೆಗಳಿಲ್ಲದಿದ್ದರೆ ನಿಮ್ಮ ಇನ್‌ವಾಯ್ಸ್ ಸ್ಪ್ಯಾಮ್‌ಗೆ ಬೀಳುವ ಸಾಧ್ಯತೆ ಹೆಚ್ಚು. ಎಲ್ಲ ಮುಗಿದ ಮೇಲೆ ಬೇರೊಂದು ಜಿಮೇಲ್ ಖಾತೆಗೆ ಪತ್ರ ಕಳುಹಿಸಿ, ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕೆಯ ಪಟ್ಟಿಯಲ್ಲಿ ‘ಶೋ ಒರಿಜಿನಲ್’ ಒತ್ತಿದರೆ ಮೂರರ ಮುಂದೆಯೂ ‘ಪಾಸ್’ ಎಂದು ಕಾಣಿಸಬೇಕು.

ಕ್ಯಾಲೆಂಡರನ್ನು ಇಮೇಲ್ ಕೊಟ್ಟವರಿಂದಲೇ ತೆಗೆದುಕೊಳ್ಳುವುದು ಮೇಲು; ಪತ್ರದಲ್ಲಿ ಬಂದ ಆಹ್ವಾನವನ್ನು ಒಪ್ಪಿದ ಕೂಡಲೇ ಅದು ದಿನಚರಿಗೆ ಸೇರುತ್ತದೆ. ಹೊರದೇಶದ ಗಿರಾಕಿಗಳಿದ್ದರೆ ಒಂದು ಪರೀಕ್ಷೆ ಮಾಡಿ. ಲಂಡನ್ನಿನ ಕಾಲವಲಯವನ್ನು ಆರಿಸಿ, ಅಕ್ಟೋಬರ್ ಮಧ್ಯದಿಂದ ಪ್ರತಿ ವಾರ ಅಲ್ಲಿನ ಮಧ್ಯಾಹ್ನ 3 ಗಂಟೆಗೆ ಸಭೆಯೊಂದನ್ನು ಗುರುತಿಸಿ. ಅದು ನಿಮಗೆ ಸಂಜೆ 7:30ಕ್ಕೆ ಕಾಣಿಸಬೇಕು. ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ ತಾನಾಗಿ ರಾತ್ರಿ 8:30 ಆಗಬೇಕು. ಸಭೆಯನ್ನು ಭಾರತದ ಸಮಯಕ್ಕೆ ಗುರುತಿಸಿದ್ದರೆ ಈ ಬದಲಾವಣೆ ಆಗುವುದಿಲ್ಲ, ನೀವು ಒಂದು ಗಂಟೆ ಮೊದಲೇ ಹೋಗಿ ಕಾಯುತ್ತೀರಿ.

ವರ್ಷದ ಹಣ ಕಟ್ಟುವ ಮೊದಲು ತಿಂಗಳ ಲೆಕ್ಕದಲ್ಲಿ ಬಳಸಿ ನೋಡಿ. ಆ ತಿಂಗಳಲ್ಲಿಯೇ ಒಮ್ಮೆ ಪತ್ರಗಳನ್ನೆಲ್ಲ ಇಳಿಸಿಕೊಂಡು, ಕ್ಯಾಲೆಂಡರನ್ನು ಐಸಿಎಸ್ ಕಡತವಾಗಿ ಹೊರತೆಗೆದು, ಬೇರೆ ತಂತ್ರಾಂಶದಲ್ಲಿ ತೆರೆಯಿರಿ. ಅಷ್ಟು ಸುಲಭವಾಗಿ ಹೊರಬರಲಾಗದಿದ್ದರೆ ಅಲ್ಲಿ ವರ್ಷದ ಹಣ ಕಟ್ಟಬೇಡಿ.