ಮಂಡಿ ಕುಣಿತಕ್ಕೆ ಎಷ್ಟು ಶಟರ್?

ಯಕ್ಷಗಾನದ ಬಡಗುತಿಟ್ಟು ಶೈಲಿಯಲ್ಲಿ ವೇಷಧಾರಿ ಮಂಡಿಯೂರಿ ಗಿರಗಿರ ತಿರುಗುವುದೇ ಮಂಡಿ ಕುಣಿತ. ಆಟದ ಫೋಟೊ ತೆಗೆಯುವ ಹುಡುಗರು ನನ್ನ ಹತ್ತಿರ ಕೇಳೋದು, ಅದಕ್ಕೆ ಶಟರ್ ವೇಗ ಎಷ್ಟಿರಬೇಕು ಅಂತ. ನನ್ನದು ಎರಡು ಉತ್ತರ.

ಮೊದಲು ನಿಯಮದ ಪ್ರಕಾರದ ಫೋಟೊ. ಮ್ಯಾನುವಲ್ ಮೋಡ್, ಲೆನ್ಸಿನ ಕಿಂಡಿ ಎಫ್ 2.8, ಶಟರ್ ಸೆಕೆಂಡಿನ 1/500, ಬೆಳಕಿನ ಸೂಕ್ಷ್ಮತೆ ಅಂದರೆ ಐಎಸ್‌ಒ 3200ರಿಂದ ಶುರು ಮಾಡಿ. ಫೋಟೊದಲ್ಲಿ ಕಾಳುಕಾಳಾಗಿ ಗ್ರೈನ್ ಬಂದರೆ ಬರಲಿ, ಕಣ್ಣು ಶಾರ್ಪ್ ಇರಬೇಕು. ಬೆಳಕನ್ನು ಮುಖ ನೋಡಿ ಅಳೆಯಿರಿ, ಕಿರೀಟ ನೋಡಿ ಅಲ್ಲ. ಬೇಗಡೆಯ ಹೊಳಪಿಗೆ ಕ್ಯಾಮೆರಾದ ಬೆಳಕಿನ ಮೀಟರ್ ಮೋಸ ಹೋಗಿ ಮುಖ ಕಪ್ಪಾಗುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಎಲ್‌ಇಡಿ ದೀಪದಿಂದ ಫೋಟೊದಲ್ಲಿ ಪಟ್ಟೆ ಬಿದ್ದರೆ ಶಟರನ್ನು 1/100ಕ್ಕೆ ಇಳಿಸಿ. ನಮ್ಮ ಕರೆಂಟು 50 ಹರ್ಟ್ಜ್, ಇಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ವೇಗಕ್ಕೆ ಕುಣಿತ ನಿಲ್ಲಲ್ಲ, ಮಾತುಗಾರಿಕೆಯ ಹೊತ್ತಿನ ಮುಖಗಳನ್ನು ಹಿಡಿಯಿರಿ.

ಆದರೆ 1/500ರಲ್ಲಿ ಮಂಡಿ ತಿರುಗುವ ವೇಷಧಾರಿ ಸುಮ್ನೆ ನೆಲದ ಮೇಲೆ ಕೂತಂತೆ ಕಾಣುತ್ತಾನೆ. ಇಲ್ಲಿ ನಿಯಮ ಮುರಿಯಿರಿ. ಎಫ್ ಅದೇ ಇರಲಿ, ಶಟರ್ 1/15, ಐಎಸ್‌ಒ 100. ಫೋಟೊದ ಬೆಳಕು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಕ್ಯಾಮೆರಾವನ್ನು ಟ್ರೈಪಾಡ್‌ಗೆ ಕೂರಿಸಿ, ಇಲ್ಲವೇ ಚಪ್ಪರದ ಕಂಬಕ್ಕೆ ಒತ್ತಿ ಹಿಡಿಯಿರಿ. ಫ್ರೇಮಿನಲ್ಲಿ ಕೂತು ಹಾಡುವ ಭಾಗವತರೂ ಇರಲಿ. ಅವರ ಮುಂಡಾಸು ಸ್ಪಷ್ಟವಾಗಿದ್ದು ವೇಷದ ಬಟ್ಟೆ ಬಣ್ಣದ ಸುಳಿಯಾದರೆ ಫೋಟೊ ಗೆದ್ದಿತು. ಎಲ್ಲವೂ ಅಲುಗಿದ್ದರೆ ಅದು ಕಲೆಯಲ್ಲ, ಕೈ ನಡುಕ ಅಷ್ಟೇ, ಅಲ್ವಾ?

ಕಲಾವಿದರಿಗೆ ಎರಡನ್ನೂ ಕಳಿಸಿ. ಡಿಪಿಗೆ ಅವರು ಹಾಕಿಕೊಳ್ಳೋದು ಜಾಸ್ತಿ 1/500ರದ್ದೇ.