ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಮುಚ್ಚಿಟ್ಟ ದೋಷ ಸಿಕ್ಕಿತೇ? ಬಿಚ್ಚಿಸುವ ಮೊದಲು ಓದಿ

ಕುಮಟಾದಲ್ಲಿ ಹೆದ್ದಾರಿ ಬದಿ ನನ್ನದೊಂದು ಗ್ಯಾರೇಜ್ ಇದೆ. ಡೀಲರ್ ಹತ್ತಿರ ಹಳೆ ಕಾರು ತಗೊಂಡು, ತಿಂಗಳು ತುಂಬುವುದರೊಳಗೆ ಮುಖ ಸಪ್ಪೆ ಮಾಡಿಕೊಂಡು ಬರುವವರು ವರ್ಷವಿಡೀ ಇರುತ್ತಾರೆ. ಮಳೆಗಾಲ ಮುಗಿದ ಮೇಲೆ ಸ್ವಲ್ಪ ಜಾಸ್ತಿ. "ಅಣ್ಣ, ಎಷ್ಟಾದ್ರೂ ಆಗ್ಲಿ, ಸರಿ ಮಾಡಿಕೊಡು" ಅನ್ನುತ್ತಾರೆ. ನನಗೆ ಅದು ಕೆಲಸ, ದುಡ್ಡು. ಆದರೂ ಬೇಡ ಅನ್ನುತ್ತೇನೆ. ಬಿಚ್ಚಿದರೆ ಸಾಕ್ಷಿ ಹೋಯಿತು. ನಾಳೆ ಡೀಲರ್ "ನಮ್ಮಲ್ಲಿದ್ದಾಗ ಸರಿ ಇತ್ತು, ನಿಮ್ಮ ಮೆಕ್ಯಾನಿಕ್ ಹಾಳು ಮಾಡಿದ" ಅಂದರೆ ಏನು ಹೇಳುತ್ತೀರಿ?

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಸವೆದ ಟೈರು, ಸೋತ ಬ್ಯಾಟರಿ, ತೆಳುವಾದ ಬ್ರೇಕ್ ಪ್ಯಾಡ್ ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ. ಹಳೆ ಗಾಡಿಗೆ ಅದು ಇರುವುದೇ. ನಾವು ಹಿಡಿಯಬೇಕಾದದ್ದು ಡೀಲರಿಗೆ ಗೊತ್ತಿದ್ದು ಮುಚ್ಚಿಟ್ಟದ್ದನ್ನು, ಇಲ್ಲವೇ ಕೇಳಿದಾಗ ಸುಳ್ಳು ಹೇಳಿದ್ದನ್ನು.

ನಮ್ಮ ಕರಾವಳಿಯಲ್ಲಿ ಅಂಥದ್ದರಲ್ಲಿ ಮೊದಲನೆಯದು ತುಕ್ಕು. ಉಪ್ಪುಗಾಳಿಗೆ ಗಾಡಿಯ ಅಡಿಭಾಗ ಮೊದಲು ತಿಂದುಹೋಗುತ್ತದೆ. ಮೇಲೆ ಪೇಂಟ್ ಫಳಫಳ ಹೊಳೆಯುತ್ತಿರುತ್ತದೆ. ಗಾಡಿಯನ್ನು ರ್‍ಯಾಂಪ್ ಮೇಲೆ ಎತ್ತಿಸಿ ನೋಡಿ. ಹಳೆ ಗಾಡಿಗೆ ಅಡಿಯಲ್ಲಿ ಹೊಚ್ಚ ಹೊಸ ಕಪ್ಪು ಕೋಟಿಂಗ್ ಬಳಿದಿದ್ದರೆ ನನಗಂತೂ ಅನುಮಾನ ಬರುತ್ತದೆ. ಸ್ಕ್ರೂ ಡ್ರೈವರ್ ಹಿಡಿಯಿಂದ ತಟ್ಟಿದಾಗ ಗಟ್ಟಿ ಸದ್ದು ಬರಬೇಕು. ಮಂದ ಸದ್ದು ಬಂದು ಪದರ ಉದುರಿದರೆ, ಕೋಟಿಂಗ್ ಒಳಗೆ ಕಬ್ಬಿಣ ಪುಡಿಯಾಗಿದೆ. ಸಸ್ಪೆನ್ಶನ್ ಕೂರುವ ಜಾಗ, ಬ್ರೇಕ್ ಪೈಪು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಈ ಮೂರನ್ನು ಬಿಡಬೇಡಿ.

ಎರಡನೆಯದು ನೆರೆನೀರು. 2019 ಮತ್ತು 2021ರ ಮಳೆಯಲ್ಲಿ ಗಂಗಾವಳಿ, ಕಾಳಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಅಂಥ ನೀರಲ್ಲಿ ನಿಂತ ಗಾಡಿಯನ್ನು ತೊಳೆದು, ಒಣಗಿಸಿ, ಸೆಂಟ್ ಹೊಡೆದರೆ ನೋಡಲು ಚೆಂದವೇ. ಆದರೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಕೆಳತುದಿಯಲ್ಲಿ ಕೆಸರಿನ ಗೆರೆ ಸಿಗಬಹುದು. ಸೀಟು ಹಿಂದೆ ಮುಂದೆ ಸರಿಯುವ ಹಳಿಯಲ್ಲಿ ತುಕ್ಕು, ಕಾರ್ಪೆಟ್ ಅಡಿಯಲ್ಲಿ ಮಣ್ಣು, ಹೆಡ್‌ಲೈಟ್ ಒಳಗೆ ತೇವ, ಇವೂ ಹೇಳುತ್ತವೆ.

ಇನ್ನು ಮೀಟರ್ ತಿರುಗಿಸುವುದು. 48 ಸಾವಿರ ಕಿಲೋಮೀಟರ್ ಅಂತ ತೋರಿಸುವ ಗಾಡಿಯಲ್ಲಿ ಕ್ಲಚ್ ಪೆಡಲಿನ ರಬ್ಬರು ನುಣ್ಣಗಾಗಿ, ಸ್ಟಿಯರಿಂಗ್ ಸವೆದು ಹೊಳೆಯುತ್ತಿದ್ದರೆ ಲೆಕ್ಕ ಕೂಡುವುದಿಲ್ಲ ಅಲ್ವಾ? ಕಂಪನಿ ಸರ್ವೀಸ್ ಸೆಂಟರಿನಲ್ಲಿ ಹಳೆ ಸರ್ವೀಸ್ ದಾಖಲೆ ಕೇಳಿ. ಕೆಲವು ಗಾಡಿಗಳಲ್ಲಿ ಹಳೆ ದೋಷ ಎಷ್ಟನೇ ಕಿಲೋಮೀಟರಿಗೆ ಬಂತು ಎನ್ನುವುದು ಸ್ಕ್ಯಾನರಿನಲ್ಲಿ ಸಿಗುತ್ತದೆ. ಗಾಡಿಗೆ ಅಪಘಾತ ಆಗಿತ್ತೇ ಅನ್ನುವುದಕ್ಕೆ ಹಳೆ ಮಾಲೀಕರ ಇನ್ಶೂರೆನ್ಸ್ ಪಾಲಿಸಿ ಮಾತಾಡುತ್ತದೆ. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, 50 ಪರ್ಸೆಂಟಿಗೆ ಏರುತ್ತದೆ. ಆರು ವರ್ಷದ ಗಾಡಿಗೆ ಅದು ಸೊನ್ನೆ ಇದ್ದರೆ, ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ. ಏರ್‌ಬ್ಯಾಗ್ ಲೈಟನ್ನೂ ನೋಡಿ. ಕೀ ಆನ್ ಮಾಡಿದಾಗ ಅದು ಕೆಲವು ಸೆಕೆಂಡ್ ಉರಿದು ಆರಬೇಕು. ಉರಿಯುವುದೇ ಇಲ್ಲ ಅಂದರೆ ಯಾರೋ ಕೈ ಹಾಕಿದ್ದಾರೆ.

ಎಂಜಿನ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ದೇವಿಮನೆ ಘಟ್ಟ ಹತ್ತಿಸಿ. ಕಾರವಾರ ಕಡೆಯವರಾದರೆ ಅರಬೈಲ್. ಬಯಲಲ್ಲಿ ಸುಮ್ಮನಿದ್ದ ಹೆಡ್ ಗ್ಯಾಸ್ಕೆಟ್, ಕ್ಲಚ್, ರೇಡಿಯೇಟರ್ ಎಲ್ಲ ಅಲ್ಲಿ ಬಾಯಿ ಬಿಡುತ್ತವೆ. ಎಂಜಿನ್ ಬಿಸಿ ತೋರಿಸುವ ಸೂಜಿ ಕೆಂಪಿನ ಕಡೆ ಹೋದರೆ ಮಾತ್ರ ನಿಲ್ಲಿಸಿಬಿಡಿ. ಪರೀಕ್ಷೆಗೆ ಅಂತ ಎಂಜಿನ್ ಸುಡಬೇಡಿ.

ದೋಷ ಸಿಕ್ಕಿತು. ಈಗ ಪೇಪರ್ ಕೆಲಸ. ಅವತ್ತೇ ಮೀಟರ್ ರೀಡಿಂಗ್ ಫೋಟೋ ತೆಗೆಯಿರಿ. ದೋಷದ ಜಾಗವನ್ನು ದೂರದಿಂದ, ಹತ್ತಿರದಿಂದ, ಚಾಸಿ ನಂಬರ್ ಸಮೇತ ವಿಡಿಯೋ ಮಾಡಿ. ಆಮೇಲೆ ಆ ಬ್ರ್ಯಾಂಡಿನ ಕಂಪನಿ ಸರ್ವೀಸ್ ಸೆಂಟರಿಗೆ ಒಯ್ದು, ತಪಾಸಣೆ ಮಾತ್ರ ಮಾಡಿಸಿ, ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ನನ್ನಂಥ ಗ್ಯಾರೇಜಿನವನ ಮಾತಿಗಿಂತ ಆ ಸೀಲಿಗೆ ಬೆಲೆ ಜಾಸ್ತಿ. ಬೇಸರ ಇಲ್ಲ, ಇದ್ದದ್ದು ಹಾಗೆ. ರಿಪೋರ್ಟಿನಲ್ಲಿ "ತುಕ್ಕು ಇದೆ" ಅಂತಷ್ಟೇ ಬರೆದರೆ ಸಾಲದು. ಇದು ಎಷ್ಟು ಹಳೆಯದು, ಮಾರಾಟಕ್ಕೆ ಮೊದಲೇ ಇದ್ದಿರಬೇಕೇ, ಸರಿಪಡಿಸಲು ಎಷ್ಟು ಖರ್ಚು, ಈ ಮೂರೂ ಬರಬೇಕು. ಡೀಲರ್ ಹಾಕಿದ್ದ ಜಾಹೀರಾತು ಅಳಿಸಿ ಹೋಗುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ವಾಟ್ಸಾಪ್ ಮಾತುಕತೆ ಅಳಿಸಬೇಡಿ, ಫೋನೂ ಬದಲಿಸಬೇಡಿ.

ಡೀಲರ್ ಹತ್ತಿರ ಕೂಗಾಡಲು ಹೋಗಬೇಡಿ. ಕೌಂಟರಿನ ಹುಡುಗ "ಸೆಕೆಂಡ್ ಹ್ಯಾಂಡ್ ಅಂದ್ಮೇಲೆ ಇಷ್ಟೆಲ್ಲ ಇರೋದೇ ಸರ್, ಬಿಟ್ಟು ಹೋಗಿ, ನೋಡ್ತೇವೆ" ಅನ್ನುತ್ತಾನೆ. ಬಿಟ್ಟು ಬರಲೇಬೇಕಾದರೆ, ಯಾವ ದೋಷಕ್ಕೆ ಬಿಟ್ಟಿದ್ದೀರಿ, ಕಿಲೋಮೀಟರ್ ಎಷ್ಟು ಅಂತ ಬರೆದ ಚೀಟಿಗೆ ಸಹಿ ಹಾಕಿಸಿಕೊಂಡೇ ಬನ್ನಿ. ಇಲ್ಲದಿದ್ದರೆ ಮುಖ್ಯ ಸಾಕ್ಷಿಯನ್ನೇ ಅವರ ಕೈಗೆ ಕೊಟ್ಟ ಹಾಗೆ. ಫೋನಿನಲ್ಲಿ ಏನೇ ಮಾತಾದರೂ ಅರ್ಧ ಗಂಟೆಯೊಳಗೆ "ನೀವು ಈಗ ಹೀಗೆ ಹೇಳಿದಿರಿ" ಅಂತ ವಾಟ್ಸಾಪಿನಲ್ಲಿ ಹಾಕಿ. ಉತ್ತರ ಬರದಿದ್ದರೂ ಅದು ದಾಖಲೆ.

ಆಮೇಲೆ ಒಂದು ಪತ್ರ. ವಕೀಲರೇ ಬರೆಯಬೇಕು ಅಂತಿಲ್ಲ. ನಾನು ಗಿರಾಕಿಗಳಿಗೆ ಬರೆದುಕೊಡುವುದು ಇಷ್ಟೇ:

"ದಿನಾಂಕ … ರಂದು ನಿಮ್ಮಿಂದ ಕೆಎ … ನಂಬರಿನ ಕಾರನ್ನು ರೂ. … ಕೊಟ್ಟು ಖರೀದಿಸಿದ್ದೇನೆ. ಈ ಗಾಡಿಗೆ ಅಪಘಾತ ಆಗಿಲ್ಲ, ನೀರು ಹೊಕ್ಕಿಲ್ಲ ಎಂದು ನೀವು … ರಂದು ವಾಟ್ಸಾಪಿನಲ್ಲಿ ತಿಳಿಸಿದ್ದೀರಿ. … ರಂದು ಮಾಡಿಸಿದ ತಪಾಸಣೆಯಲ್ಲಿ … ದೋಷ ಕಂಡುಬಂದಿದೆ, ವರದಿ ಲಗತ್ತಿಸಿದ್ದೇನೆ. ನಾನು ಯಾವ ರಿಪೇರಿಯನ್ನೂ ಮಾಡಿಸಿಲ್ಲ. 15 ದಿನದೊಳಗೆ ಗಾಡಿ ವಾಪಸ್ ಪಡೆದು ಹಣ ಕೊಡಿ. ಗಾಡಿಯನ್ನು ನೀವು ನೋಡಬೇಕಿದ್ದರೆ … ವಿಳಾಸದಲ್ಲಿದೆ."

ಬೈಗುಳ ಬೇಡ, ಮೀಡಿಯಾಕ್ಕೆ ಹೋಗ್ತೇನೆ ಅನ್ನುವ ಬೆದರಿಕೆ ಬೇಡ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಇಮೇಲ್ ಕೂಡ ಮಾಡಿ.

ಹಣ ವಾಪಸ್ ಕೇಳುವುದೇ, ರಿಪೇರಿ ಖರ್ಚು ಕೇಳುವುದೇ? ಚಾಸಿ ತುಕ್ಕು ಅಥವಾ ನೆರೆನೀರಿನ ಗಾಡಿಯಾದರೆ ವಾಪಸ್ಸೇ ಕೇಳಿ ಅನ್ನುವುದು ನನ್ನ ಅಭಿಪ್ರಾಯ, ಅದು ರಿಪೇರಿಯಿಂದ ನೆಟ್ಟಗಾಗುವುದಿಲ್ಲ. ಕ್ಲಚ್, ಗ್ಯಾಸ್ಕೆಟ್ ಥರದ್ದಾದರೆ ಖರ್ಚು ತಗೊಂಡು ಮುಗಿಸಿ. ತಡ ಮಾಡಬೇಡಿ. ಬಿಲ್ಲಿನಲ್ಲಿ ಅವಧಿ ಬರೆದಿಲ್ಲದಿದ್ದರೆ, ದೋಷದ ವಸ್ತುವನ್ನು 30 ದಿನದೊಳಗೆ ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಸಾಲಿಗೆ ಸೇರುತ್ತದೆ. "ಬಿಲ್ ಬೇಕಾದ್ರೆ 18 ಪರ್ಸೆಂಟ್ ಜಿಎಸ್‌ಟಿ ಜಾಸ್ತಿ ಆಗುತ್ತೆ" ಅಂತ ಹೆದರಿಸಿದರೆ ನಂಬಬೇಡಿ. ಹಳೆ ಕಾರಿಗೆ ಆ ತೆರಿಗೆ ಡೀಲರನ ಲಾಭದ ಮೇಲೆ ಮಾತ್ರ, ಪೂರ್ತಿ ಬೆಲೆಯ ಮೇಲೆ ಅಲ್ಲ.

ರಸೀದಿಯಲ್ಲಿ "ಇದ್ದ ಸ್ಥಿತಿಯಲ್ಲೇ ಮಾರಲಾಗಿದೆ" ಅನ್ನುವ ಸೀಲು ನೋಡಿ ಅರ್ಧ ಜನ ಕೈಚೆಲ್ಲುತ್ತಾರೆ. ಕಣ್ಣಿಗೆ ಕಾಣುವ ಸವಕಳಿಗೆ ಆ ಸೀಲು ಡೀಲರನ್ನು ಕಾಪಾಡಬಹುದು. ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟಿದ್ದರೆ ಆ ಕಥೆ ಬೇರೆ. ಅದಕ್ಕೇ ಕೊಳ್ಳುವ ಮೊದಲೇ ಪ್ರಶ್ನೆಗಳನ್ನು ವಾಟ್ಸಾಪಿನಲ್ಲಿ ಕೇಳಿ ಅನ್ನುವುದು. ಹಾಗೆಯೇ, ಸಾಲ ತಗೊಂಡಿದ್ದರೆ ಡೀಲರ್ ಮೇಲಿನ ಸಿಟ್ಟಿಗೆ ಕಂತು ನಿಲ್ಲಿಸಬೇಡಿ. ಬ್ಯಾಂಕಿಗೂ ಈ ಜಗಳಕ್ಕೂ ಸಂಬಂಧ ಇಲ್ಲ.

15 ದಿನ ಕಳೆದರೂ ಉತ್ತರ ಇಲ್ಲವೇ? 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೆಲವು ಕೇಸು ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗ. ನಮ್ಮವರು ಎಷ್ಟೋ ಜನ ಮಡಗಾಂವ್, ಪಣಜಿಯಿಂದ ಕಾರು ತರುತ್ತಾರೆ. ಕೇಸಿಗಾಗಿ ಗೋವಾಕ್ಕೆ ಅಲೆಯಬೇಕಿಲ್ಲ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಾಡಿಗೆ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ದೋಷ ಗೊತ್ತಾದ ಮೇಲೆ ಎರಡು ವರ್ಷದೊಳಗೆ ದೂರು ಹೋಗಬೇಕು. ಆನ್‌ಲೈನಿನಲ್ಲೂ ಹಾಕಬಹುದು, ವಕೀಲರಿಲ್ಲದೆ ನೀವೇ ವಾದಿಸಬಹುದು. ಎರಡು ಎಚ್ಚರಿಕೆ ಮಾತ್ರ. ಡೀಲರ್ ಅಲ್ಲದ ಖಾಸಗಿ ಮಾಲೀಕನಿಂದ ನೇರ ಕೊಂಡಿದ್ದರೆ ಈ ದಾರಿ ಸಾಮಾನ್ಯವಾಗಿ ಸಿಗುವುದಿಲ್ಲ. ವ್ಯಾಪಾರಕ್ಕೆ ಅಂತ ಕೊಂಡ ಗಾಡಿಗೂ ಇಲ್ಲ, ಆದರೆ ಸ್ವಂತ ದುಡಿಮೆಗೆ ಒಬ್ಬನೇ ಓಡಿಸುವ ಟ್ಯಾಕ್ಸಿಗೆ ವಿನಾಯಿತಿ ಇದೆ.

ಆಯೋಗದ ನೋಟಿಸ್ ಮುಟ್ಟಿದ ಮೇಲೆ ಡೀಲರ್ 30 ದಿನದಲ್ಲಿ ಉತ್ತರ ಕೊಡಬೇಕು, ಆಯೋಗ ಒಪ್ಪಿದರೆ ಇನ್ನೂ 15 ದಿನ. ಅದಕ್ಕಿಂತ ಜಾಸ್ತಿ ಕೊಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ರಾಜಿಗೆ ಬರುವವರು ಸಾಮಾನ್ಯವಾಗಿ ಈ ಹಂತದಲ್ಲೇ ಬರುತ್ತಾರೆ. ಬಂದರೆ ಒಳ್ಳೆಯದೇ. ಆದರೆ ಹಣ ಖಾತೆಗೆ ಬೀಳುವ ಮೊದಲು ದೂರು ವಾಪಸ್ ಪಡೆಯಬೇಡಿ. ಗಾಡಿ ಹಿಂದಿರುಗಿಸುವಾಗ ಆರ್‌ಸಿ ಡೀಲರ್ ಹೆಸರಿಗೋ ಮುಂದಿನವರ ಹೆಸರಿಗೋ ಬದಲಾಗುವ ದಿನಾಂಕವನ್ನೂ ರಾಜಿಪತ್ರದಲ್ಲಿ ಬರೆಸಿ. ಇಲ್ಲದಿದ್ದರೆ ಯಾರೋ ಮಾಡಿದ ಅಪಘಾತದ ನೋಟಿಸ್ ನಿಮ್ಮ ಮನೆಗೆ ಬರುತ್ತದೆ.