‘ಬೆಚ್ಚಗಿನ ಹೆಂಗಸು’ ಎಂದು ಬರೆದು ಪೇಚಿಗೆ ಬಿದ್ದದ್ದು

ಅನುವಾದಕ್ಕೆ ಕೂತ ಹೊಸದರಲ್ಲಿ ಹಿತವಾದ ಬಿಸಿಗೂ ಅಕ್ಕರೆ ತೋರುವ ಸ್ವಭಾವಕ್ಕೂ ಸಲ್ಲುವ ಇಂಗ್ಲಿಷಿನ ‘ವಾರ್ಮ್’ ಕಂಡಲ್ಲೆಲ್ಲ ಕಣ್ಣುಮುಚ್ಚಿ ‘ಬೆಚ್ಚಗಿನ’ ಎಂದು ಬರೆದುಬಿಡುತ್ತಿದ್ದೆ. ಒಂದು ಕಾದಂಬರಿಯಲ್ಲಿ ಪಕ್ಕದ ಮನೆಯ ಮುದುಕಿಯೊಬ್ಬಳು ಬರುತ್ತಾಳೆ. ‘ಆಕೆ ಬಹಳ ಬೆಚ್ಚಗಿನ ಹೆಂಗಸು’ ಎಂದು ಬರೆದು ಕಳಿಸಿದೆ. ಕರಡು ತಿದ್ದಿದ ಹಿರಿಯರು ಅಂಚಿನಲ್ಲಿ ಪೆನ್ಸಿಲಿನಿಂದ ಕೇಳಿದ್ದರು: ‘ಯಾಕೆ, ಜ್ವರವೇ?’

ಮೊದಲು ನಗು ಬಂತು, ಆಮೇಲೆ ನಾಚಿಕೆ. ಮನುಷ್ಯರ ಗುಣ ಹೇಳುವಾಗ ಕನ್ನಡ ಬಿಸಿಗಿಂತ ತಂಪಿನ ಕಡೆಗೇ ವಾಲುತ್ತದೆ. ಹರಸುವವರು ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎನ್ನುತ್ತಾರೆ. ಬಿಸಿ ಮುಟ್ಟಿಸುವುದೇನಿದ್ದರೂ ಬುದ್ಧಿ ಕಲಿಸಬೇಕಾದವರಿಗೆ.

ಸರಿ, ‘ಪ್ರೀತಿಯ ಹೆಂಗಸು’ ಎಂದು ತಿದ್ದಿದೆ. ಅದೂ ಕೈಕೊಟ್ಟಿತು. ‘ಪ್ರೀತಿಯ ಅಜ್ಜಿಗೆ’ ಎಂದು ಕಾಗದ ಶುರುಮಾಡಿದರೆ ನಾನು ಪ್ರೀತಿಸುವ ಅಜ್ಜಿ ಎಂದೇ ಅರ್ಥ. ಅವಳು ಊರಿಗೆಲ್ಲ ಸಿಡುಕಿಯಾಗಿದ್ದರೂ ನಡೆಯುತ್ತದೆ. ‘ಅಕ್ಕರೆಯ ಮಗಳು’ ಅಂದರೂ ಅಷ್ಟೇ, ಅಕ್ಕರೆ ಪಡೆದವಳು. ನನಗೆ ಬೇಕಿದ್ದವಳು ಕೊಡುವವಳು. ಈ ದಿಕ್ಕಿನ ವ್ಯತ್ಯಾಸ ಇಷ್ಟು ವರ್ಷ ಮಾತಾಡಿಕೊಂಡೇ ಬಂದಿದ್ದರೂ ನನ್ನ ಗಮನಕ್ಕೆ ಬಂದಿರಲಿಲ್ಲ.

ಸಂಸ್ಕೃತದ ಪೆಟ್ಟಿಗೆ ತೆರೆದೆ. ‘ವತ್ಸಲೆ’ ಇತ್ತು. ವತ್ಸ ಎಂದರೆ ಕರು, ಹಸುವಿಗೆ ಕರುವಿನ ಮೇಲಿರುವ ಸೆಳೆತವೇ ವಾತ್ಸಲ್ಯ. ಹಾಗಾಗಿ ಅದು ಹಿರಿಯರಿಂದ ಕಿರಿಯರತ್ತ ಮಾತ್ರ ಹರಿಯುತ್ತದೆ. ಮುದುಕಿಗೆ ಒಪ್ಪುತ್ತಿತ್ತು, ಆದರೆ ಶಾಲು ಹೊದಿಸಿ ಸನ್ಮಾನ ಮಾಡಿದ ಹಾಗೆ ಕೇಳಿಸಿತು. ‘ಮಮತೆ’ಯ ಬುಡದಲ್ಲಿ ‘ಮಮ’, ಅಂದರೆ ‘ನನ್ನದು’ ಕೂತಿದೆ. ತಾಯಿಗೆ ಬಿಟ್ಟು ಉಳಿದವರಿಗೆ ಹಚ್ಚಲು ನನಗೇಕೋ ಕೈ ಬರಲಿಲ್ಲ. ‘ಹೃದಯವಂತ’ ಸವೆದ ನಾಣ್ಯ.

ಕೊನೆಗೆ ಕೈಗೆ ಹತ್ತಿದ್ದು ‘ಅಂತಃಕರಣ’. ವೇದಾಂತದಲ್ಲಿ ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ನಾಲ್ಕೂ ಸೇರಿದ ಒಳಗಿನ ಸಲಕರಣೆಗೆ ಈ ಹೆಸರು. ಕನ್ನಡದ ಬಾಯಿಗೆ ಬಿದ್ದು ಅದೆಲ್ಲ ಕರಗಿ ಮರುಕವಾಗಿದೆ. ಅಹಂಕಾರವನ್ನೂ ಒಳಗಿಟ್ಟುಕೊಂಡಿದ್ದ ಪದ ಹೀಗೆ ಮೆತ್ತಗಾಗಿದ್ದು ನೋಡಿದರೆ ನನಗೆ ಈಗಲೂ ಖುಷಿ.

ಆದರೂ ವಾಕ್ಯ ಕೂರಲಿಲ್ಲ. ಮೂಲವನ್ನು ಮತ್ತೆ ಓದಿದೆ. ಮಳೆಯಲ್ಲಿ ನೆನೆದು ಬಂದ ಹುಡುಗನ ತಲೆಯನ್ನು ಮುದುಕಿ ಒರೆಸುವುದು ಮುಂದಿನ ಸಾಲಿನಲ್ಲೇ ಇದೆ. ನಾನು ಗುಣವನ್ನು ಮೊದಲು ಸಾರಿ, ಕೆಲಸವನ್ನು ಆಮೇಲೆ ಸಾಕ್ಷಿಗೆ ಕರೆಯುತ್ತಿದ್ದೆ. ಎರಡನ್ನೂ ಅದಲುಬದಲು ಮಾಡಿದೆ: ‘ಬೈಯುತ್ತಲೇ ಟವೆಲು ತಂದು ಅವನ ತಲೆ ಒರೆಸಿದಳು, ಕಿವಿಯ ಹಿಂದೆ ಎರಡೆರಡು ಸಲ. ಅಂತಃಕರಣದ ಜೀವ.’

ಮೂಲದ ಒಂದು ವಾಕ್ಯ ಹಿಂದೆ ಸರಿಯಿತು, ನಿಷ್ಠೆಯ ಪ್ರಶ್ನೆ ಎತ್ತುವವರು ಎತ್ತಲಿ. ಕರಡು ವಾಪಸು ಬಂದಾಗ ಆ ಸಾಲಿನ ಪಕ್ಕ ಪೆನ್ಸಿಲ್ ಗುರುತಿರಲಿಲ್ಲ. ಅದೇ ಪುಟದ ಕೆಳಗೆ ಒಬ್ಬ ‘ತಣ್ಣಗಿನ ಅಧಿಕಾರಿ’ಯ ಸುತ್ತ ಮಾತ್ರ ದೊಡ್ಡ ಸೊನ್ನೆ ಸುತ್ತಿದ್ದರು.